ಮಹಾರಾಜರು ಸಾಯದ ಸಿನಿಮಾ

ಪರದೆಯ ಮೇಲೆ ನಾಯಕನ ಎದೆಗೆ ಆರನೆಯ ಗುಂಡು ಬಿತ್ತು.

ಆದರೂ ಅವನು ಮಾತಾಡುತ್ತಲೇ ಇದ್ದ! ತಾಯಿಯ ಬಗ್ಗೆ, ನ್ಯಾಯದ ಬಗ್ಗೆ, ಕಾಲೇಜಿನ ದಿನಗಳ ಬಗ್ಗೆ...

ನಾಯಕನಾಗಿದ್ದವರು ಅರವತ್ತೆರಡು ವರ್ಷದ ದೊಡ್ಡ ನಟರು. ಅಭಿಮಾನಿಗಳ ಬಾಯಲ್ಲಿ 'ಮಹಾರಾಜರು'. ಈ ಸಿನಿಮಾದಲ್ಲಿ ಅವರು ಕಾಲೇಜು ವಿದ್ಯಾರ್ಥಿ! ಕೊನೆಗೂ ಕಣ್ಣು ಮುಚ್ಚಿ ಬಿದ್ದರು. ಪಿಟೀಲು ಅತ್ತಿತು. ಮರುಕ್ಷಣವೇ ಅಂಗಿಯ ದೂಳು ಕೊಡವಿಕೊಂಡು ಎದ್ದು ನಿಂತರು.

ಹಿಂದಿನ ಸಾಲಿನಲ್ಲಿ ಕೂತಿದ್ದ ಅವಳಿಗೆ ತಡೆಯಲಾಗಲಿಲ್ಲ. ಬಾಯಿಗೆ ಅಡ್ಡ ಹಿಡಿದ ಕೈಯನ್ನೂ ದಾಟಿ ನಗು ಸಿಡಿಯಿತು. ಮಧ್ಯಾಹ್ನದ ಆಟ, ಖಾಲಿ ಹೊಡೆಯುತ್ತಿದ್ದ ಚಿತ್ರಮಂದಿರ. ನಗು ಎದುರು ಗೋಡೆಗೆ ಬಡಿದು ವಾಪಸು ಬಂತು.

ಎರಡು ಸಾಲು ಮುಂದೆ ಒಂಟಿಯಾಗಿ ಕೂತಿದ್ದ ಯುವಕನೊಬ್ಬ ಗಕ್ಕನೆ ತಿರುಗಿದ.

'ಅಯ್ಯೋ, ಅಭಿಮಾನಿ ಇರಬೇಕು. ನನ್ನ ಗತಿ ಅಷ್ಟೇ!' ಅವಳು ಚೀಲ ಅವುಚಿಕೊಂಡಳು.

"ರೀ, ಒಂದು ನಿಮಿಷ... ನಿಮಗೆ ನಗು ಬಂದಿದ್ದು ಅವರು ಬಿದ್ದಾಗಲೋ, ಎದ್ದಾಗಲೋ?"

"ಎದ್ದಾಗ. ಬಿದ್ದಾಗ ಖುಷಿಯಾಗಿತ್ತು, ಅಂತೂ ಮುಗೀತಲ್ಲ ಅಂತ!"

ಅವನು ಮೊಬೈಲ್ ಬೆಳಕಿನಲ್ಲಿ ಪುಟ್ಟ ಪುಸ್ತಕವೊಂದರಲ್ಲಿ ಅದನ್ನು ಬರೆದುಕೊಂಡ! ಆ ಬೆಳಕಿನಲ್ಲಿ ಅವನ ಮುಖ ಕಂಡಿತು. ಕಣ್ಣಲ್ಲಿ ಎಂಥದೋ ನೋವು, ತುಟಿಯಲ್ಲಿ ಅಡಗಿಸಿಟ್ಟ ನಗು. ಅವಳು ಅವುಚಿಕೊಂಡಿದ್ದ ಚೀಲವನ್ನು ಪಕ್ಕಕ್ಕಿಟ್ಟಳು.

ಮನೆಯಲ್ಲಿ ಅವಳಿಗೆ 'ಕಡ್ಡಿ' ಎಂದೇ ಹೆಸರು. ಕಡ್ಡಿ ತುಂಡು ಮಾಡಿದ ಹಾಗೆ ಮಾತಾಡುತ್ತಾಳೆಂದು ಅಪ್ಪ ಕರೆದದ್ದು ಹಾಗೇ ಅಂಟಿಕೊಂಡಿತ್ತು. ಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ ಅವಳಿಗೆ ಕೆಲಸ. ದೊಡ್ಡ ನಟರ ಕೆಟ್ಟ ಸಿನಿಮಾಗಳನ್ನು ಹುಡುಕಿ ನೋಡಿ, 'ಹಿಂದಿನ ಸಾಲು' ಎಂಬ ಅಂಕಣದಲ್ಲಿ ಕಾಲೆಳೆಯುತ್ತಿದ್ದಳು. ಅಂಕಣದ ಕೆಳಗೆ ಹೆಸರಿರುತ್ತಿರಲಿಲ್ಲ. ಬರೆಯುವವರು ಯಾರೆಂದು ಸಂಪಾದಕರಿಗೂ ಅಪ್ಪನಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಆಟ ಮುಗಿದ ಮೇಲೆ ಇಬ್ಬರೂ ಎದುರಿನ ಅಂಗಡಿಯಲ್ಲಿ ಕಾಫಿ ಕುಡಿದರು.

"ನೀವು ಏನು ಕೆಲಸ ಮಾಡೋದು?" ಕೇಳಿದಳು.

"ನಂದು... ಕತ್ತರಿ ಕೆಲಸ."

"ಓ! ಟೈಲರಾ?"

ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಕಾಫಿ ಲೋಟದಲ್ಲಿ ಮುಖ ಹುದುಗಿಸಿದ.

ಅಂದು ಸಂಜೆ ಅಂಕಣ ಬರೆಯುವಾಗ ಕಡ್ಡಿಯ ಬೆರಳು ಕುಣಿಯುತ್ತಿತ್ತು. 'ಈ ಸಿನಿಮಾದ ಸಂಕಲನಕಾರ ನಿದ್ದೆಗಣ್ಣಲ್ಲಿ ಕೂತಿದ್ದಾನೆ. ಯಾರಾದರೂ ಪುಣ್ಯಾತ್ಮರು ಅವನ ಕೈಯಿಂದ ಕತ್ತರಿ ಕಿತ್ತುಕೊಳ್ಳಿ!' ಬರೆದು, ತಾನೇ ಓದಿ ನಕ್ಕಳು.

ಮರುದಿನ ಊರೆಲ್ಲ ಅದನ್ನು ಓದಿ ನಕ್ಕಿತು.

ಮುಂದಿನ ಶನಿವಾರವೂ ಇಬ್ಬರೂ ಸಿಕ್ಕರು. ಅದರ ಮುಂದಿನದೂ! ದೊಡ್ಡ ನಟ, ಕೆಟ್ಟ ಸಿನಿಮಾ, ಮಧ್ಯಾಹ್ನದ ಆಟ. ಈಗ ಅಕ್ಕಪಕ್ಕದ ಸೀಟು.

ಅವನದೊಂದು ವಿಚಿತ್ರ ಅಭ್ಯಾಸ. ಎಷ್ಟೇ ದರಿದ್ರ ಸಿನಿಮಾ ಆಗಿರಲಿ, ಅದರಲ್ಲಿ ಒಂದಾದರೂ ಒಳ್ಳೆಯ ನಿಮಿಷ ಹುಡುಕುವವರೆಗೆ ಏಳುತ್ತಿರಲಿಲ್ಲ.

"ಇಲ್ಲಿ ನೋಡಿ, ಆಕೆ ಕೈ ನೋಡಿ," ಎಂದು ಒಮ್ಮೆ ಪಿಸುಗುಟ್ಟಿದ. "ಡೈಲಾಗ್ ಸುಳ್ಳು. ಕೈ ಮಾತ್ರ ನಿಜ ಹೇಳ್ತಿದೆ."

ಅವಳು ನೋಡಿದಳು. ಹೌದು! ಹೆಸರಾಂತ ಆ ನಟಿ ಬಾಯಲ್ಲಿ ಬೈಯುತ್ತಿದ್ದರೂ ಬೆರಳು ಮೇಜಿನ ಅಂಚನ್ನು ಸವರುತ್ತಿತ್ತು, ಬಿಟ್ಟು ಹೋಗಲು ಮನಸ್ಸಿಲ್ಲದವರಂತೆ.

'ನಾನು ತಪ್ಪು ಹುಡುಕ್ತೀನಿ. ಇವನು ಒಪ್ಪು ಹುಡುಕ್ತಾನೆ...' ಪಕ್ಕದ ಮುಖವನ್ನು ಕದ್ದು ನೋಡಿದಳು. ಪರದೆಯಲ್ಲಿ ಏನಾಯಿತೋ, ಅವಳಿಗೆ ಆಮೇಲೆ ನೆನಪಾಗಲೇ ಇಲ್ಲ.

ಒಂದು ದಿನ ಅಂಗಿಯೊಂದನ್ನು ತಂದುಕೊಟ್ಟಳು. "ಟೈಲರ್ ಸಾಹೇಬ್ರೆ, ತೋಳು ಉದ್ದ ಆಗಿದೆ. ಸ್ವಲ್ಪ ಚಿಕ್ಕದು ಮಾಡಿಕೊಡಿ."

ಅವನು ತಬ್ಬಿಬ್ಬಾದ. ಆದರೂ ತೆಗೆದುಕೊಂಡು ಹೋದ. ಮುಂದಿನ ವಾರ ಬಂದ ಅಂಗಿ ನೋಡಿ ಅವಳು ಬೆರಗಾದಳು. ಒಂದು ತೋಳು ಗಿಡ್ಡ, ಇನ್ನೊಂದು ಇನ್ನೂ ಗಿಡ್ಡ! ಹೊಲಿಗೆ ಇರುವೆ ಸಾಲಿನ ಹಾಗೆ ಅಂಕುಡೊಂಕು.

"ನಿಮ್ಮ ಅಂಗಡಿ ನಡೆಯೋದು ಹೇಗೆ ಮಹರಾಯ್ರೆ?"

"ನಡೀತಿಲ್ಲ," ಎಂದ ಮೆಲ್ಲಗೆ. "ಒಂದು ದೊಡ್ಡ ಕೆಲಸ ಒಪ್ಪಿಕೊಂಡಿದ್ದೆ. ಹೋದ ತಿಂಗಳು ಕೈ ತಪ್ಪಿಹೋಯ್ತು."

"ಬಿಡಿ, ಅವರಿಗೆ ನಿಮ್ಮ ಬೆಲೆ ಗೊತ್ತಿಲ್ಲ," ಎಂದು ಅವನ ಕೈ ಮೇಲೆ ಕೈಯಿಟ್ಟಳು. ಇಬ್ಬರೂ ಕೈ ತೆಗೆಯಲಿಲ್ಲ. ಕಾಫಿ ಆರಿಹೋಯಿತು.

ಆರನೆಯ ಶನಿವಾರ ಅಪ್ಪ ಹಟ ಹಿಡಿದು ಅವಳ ಜೊತೆ ಬಂದರು. ಮಹಾರಾಜರ ಹಳೆಯ ಸಿನಿಮಾ ಮತ್ತೆ ಹಾಕಿದ್ದರು. ಅವರ ಪಾಲಿಗೆ ಮಹಾರಾಜರ ಯಾವ ಸಿನಿಮಾವೂ ಕೆಟ್ಟದಲ್ಲ.

"ಇವರೇನಾ ನಿನ್ನ ಟೈಲರು?" ಅಪ್ಪ ಅವನ ಬೆನ್ನು ತಟ್ಟಿದರು. "ನೋಡಪ್ಪಾ, ನನ್ನ ಮಗಳ ಬಾಯಿ ಸ್ವಲ್ಪ ಜೋರು, ಬುದ್ಧಿ ಇನ್ನೂ ಜೋರು. 'ಹಿಂದಿನ ಸಾಲು' ಓದ್ತೀಯಲ್ಲ? ಬರೆಯೋಳು ಇವಳೇ! ಹೋದ ವಾರ ಏನು ಚೆನ್ನಾಗಿ ಬರೆದಿದ್ಲು, 'ಡೈಲಾಗ್ ಸುಳ್ಳು, ಕೈ ಮಾತ್ರ ನಿಜ' ಅಂತ!"

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು.

"ನೀವಾ...?"

"ಹೌದು, ಹೇಳಬೇಕು ಅಂತಾನೇ ಇದ್ದೆ..."

"ನಾನು ಟೈಲರ್ ಅಲ್ಲ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು. "ಸಿನಿಮಾ ಸಂಕಲನಕಾರ. ನಿದ್ದೆಗಣ್ಣಲ್ಲಿ ಕೂತಿದ್ದವನು ನಾನೇ. ನಿಮ್ಮ ಅಂಕಣ ಮುಂದಿಟ್ಟುಕೊಂಡೇ ನಿರ್ಮಾಪಕರು ನನ್ನನ್ನ ಮುಂದಿನ ಚಿತ್ರದಿಂದ ತೆಗೆದುಹಾಕಿದ್ರು. ಆಮೇಲೆ ಆ ಅಂಕಣ ಓದೋದೇ ಬಿಟ್ಟೆ. ಅದಾದ್ರೂ ಹೋಗ್ಲಿ. ನಾನು ನಿಮ್ಮ ಕಿವೀಲಿ ಹೇಳಿದ್ದೂ ಅಚ್ಚಾಯ್ತಾ? ಇಷ್ಟು ದಿನ ಪಕ್ಕದಲ್ಲಿ ಕೂತಿದ್ದು ಅದಕ್ಕೇನಾ?"

ಅವನು ಅಪ್ಪನಿಗೆ ಕೈಮುಗಿದು ಹೊರಟುಹೋದ.

ಮುಂದಿನ ಶನಿವಾರ ಅವನ ಸೀಟು ಖಾಲಿ. ಅದರ ಮುಂದಿನ ಶನಿವಾರವೂ... ಫೋನ್ ಎತ್ತಲಿಲ್ಲ.

'ಕಿತ್ತುಕೊಳ್ಳಿ ಅಂತ ಬರೆದೆ. ನಿಜವಾಗಿಯೂ ಕಿತ್ತುಕೊಂಡರು. ಆಮೇಲೆ ಅವನ ಕೈ ಹಿಡಿದು ಸಮಾಧಾನ ಹೇಳಿದವಳೂ ನಾನೇ!'

ಒಂದು ಬೆಳಿಗ್ಗೆ ಅಪ್ಪ ಟಿವಿಯಲ್ಲಿ ಅದೇ ಆರು ಗುಂಡಿನ ಸಿನಿಮಾ ಹಾಕಿಕೊಂಡು ಕೂತಿದ್ದರು. ಎದ್ದು ಹೋಗಬೇಕೆಂದುಕೊಂಡವಳು ಹೋಗಲಿಲ್ಲ. ಈ ಸಲ ನಗಲು ಅಲ್ಲ, ಅವನ ಹಾಗೆ ನೋಡಲು ಕೂತಳು.

ಒಂದು ಗಂಟೆ ಕಳೆಯಿತು. ಏನೂ ಸಿಗಲಿಲ್ಲ. ಆಮೇಲೆ, ಎರಡು ಹೊಡೆದಾಟಗಳ ನಡುವೆ, ಮಹಾರಾಜರು ಮೆಟ್ಟಿಲ ಮೇಲೆ ಕೂತರು. ಮಾತಿಲ್ಲ, ಸಂಗೀತವಿಲ್ಲ. ಏನೋ ಹೇಳಲು ಬಾಯಿ ತೆರೆದು ಸುಮ್ಮನಾದರು. ಮೊಣಕಾಲು ನೀವಿಕೊಂಡರು. ದೂರದಲ್ಲಿ ಆಡುತ್ತಿದ್ದ ಯುವಕರನ್ನು ನೋಡುತ್ತಾ ಉಳಿದರು. ಅಷ್ಟೇ.

"ಅಪ್ಪಾ, ಸ್ವಲ್ಪ ಹಿಂದಕ್ಕೆ ಹಾಕಿ!"

ನಾಲ್ಕು ಸಲ ನೋಡಿದಳು. ನಲವತ್ತು ಸೆಕೆಂಡು. ಬೇರೆ ಯಾರೇ ಆಗಿದ್ದರೂ ಕತ್ತರಿಸಿ ಎಸೆಯುತ್ತಿದ್ದ ನಲವತ್ತು ಸೆಕೆಂಡನ್ನು ಯಾರೋ ಹಟ ಮಾಡಿ ಉಳಿಸಿದ್ದರು.

ಅಪ್ಪ ಮಗಳ ಮುಖ ನೋಡಿದರು. "ನಾನು ಅವತ್ತು ಬಾಯಿಬಿಡಬಾರದಿತ್ತು ಕಣೇ."

"ಇಲ್ಲಪ್ಪಾ. ನಾನು ಮೊದಲೇ ಬಾಯಿಬಿಡಬೇಕಿತ್ತು."

ಅಂದೇ ಕೂತು ಬರೆದಳು. ಆದರೆ ಕಚೇರಿಗೆ ಕಳಿಸಲಿಲ್ಲ. ಸಿನಿಮಾದ ಕೊನೆಯ ಹೆಸರುಗಳಲ್ಲಿ ಸ್ಟುಡಿಯೋದ ಹೆಸರು ಹುಡುಕಿ, ವಿಳಾಸ ಕೇಳಿಕೊಂಡು ಹೊರಟಳು.

ಎರಡನೆಯ ಮಹಡಿಯಲ್ಲಿ ಕಿಟಕಿಯಿಲ್ಲದ ಕೋಣೆ. ಎರಡು ಪರದೆ, ಒಂದು ಸವೆದ ಕುರ್ಚಿ. ಪರದೆಯ ಮೇಲೆ ಯಾರದೋ ಮದುವೆ. ಅವನು ತಿರುಗಿ ನೋಡಿ ಎದ್ದು ನಿಂತ. ಗಡ್ಡ ಬೆಳೆದಿತ್ತು.

"ಈಗ ಬೇರೆಯವರ ಮದುವೆ ಕತ್ತರಿಸ್ತಿದೀನಿ," ಎಂದ. ನಗಲು ನೋಡಿದ, ಆಗಲಿಲ್ಲ.

ಅವಳು ಹಾಳೆ ಚಾಚಿದಳು. "ಇದನ್ನ ಓದಿ. ನೀವು ಹೂಂ ಅಂದ್ರೆ ಮಾತ್ರ ಅಚ್ಚಾಗೋದು. ಬೇಡ ಅಂದ್ರೆ ಹರಿದುಹಾಕಿ, ನಾನು ಹೋಗ್ತೀನಿ."

ಅವನು ನಿಂತೇ ಓದಿದ. ಮೆಟ್ಟಿಲ ಮೇಲಿನ ಆ ನಲವತ್ತು ಸೆಕೆಂಡು. ಗೊತ್ತಿಲ್ಲದ ಮನುಷ್ಯನ ದುಡಿಮೆಯನ್ನು ಒಂದು ಜೋಕಿಗಾಗಿ ಮಾರಿಕೊಂಡೆ ಎಂಬ ತಪ್ಪೊಪ್ಪಿಗೆ. ಪಕ್ಕದ ಸೀಟಿನವನ ಮಾತನ್ನು ಕೇಳದೆ ಬಳಸಿಕೊಂಡೆ ಎಂಬುದೂ ಇತ್ತು.

"ಅವತ್ತು ಅವರು ಡೈಲಾಗ್ ಮರೆತಿದ್ರು," ಎಂದ ನಿಧಾನವಾಗಿ. "ಎಲ್ಲರೂ ಅದನ್ನ ತೆಗಿ ಅಂದ್ರು. ಅವರು ಸತ್ತ ಮೇಲೆ ಏಳೋದನ್ನ ತೆಗೀರಿ, ಇದನ್ನ ಬಿಡಿ ಅಂತ ನಾನು ಬೇಡಿಕೊಂಡೆ. ಮಹಾರಾಜರು ಸಾಯೋ ಹಾಗಿಲ್ಲ ಅಂದ್ರು. ಕೊನೆಗೆ ನನಗೆ ಉಳಿದಿದ್ದು ಇದೊಂದೇ. ಇದನ್ನ ಯಾರೂ ನೋಡಿಲ್ಲ ಅಂದ್ಕೊಂಡಿದ್ದೆ."

"ಮೊದಲನೇ ಸಲ ನಾನೂ ನೋಡಲಿಲ್ಲ. ಹೇಗೆ ನೋಡ್ಬೇಕು ಅಂತ ನೀವು ಕಲಿಸಿದ ಮೇಲೆ ಕಾಣಿಸ್ತು." ಅವಳ ಕಣ್ಣು ತುಂಬಿತು. "ನಾನು ಪಕ್ಕದಲ್ಲಿ ಕೂತಿದ್ದು ಬರೆಯೋಕಲ್ಲ ರೀ. ಸಿನಿಮಾ ಬೇಗ ಮುಗೀದೇ ಇರ್ಲಿ ಅಂತ ಬೇಡ್ಕೊಳ್ತಾ ಕೂತಿರ್ತಿದ್ದೆ. ಅಷ್ಟು ಕೆಟ್ಟ ಸಿನಿಮಾಗಳೂ!"

ಅವನ ತುಟಿಯಂಚಿನಲ್ಲಿ ನಗು ಮೂಡಿತು. "ನಾನೂ ಮೊದಲ ದಿನವೇ ನಿಜ ಹೇಳಬೇಕಿತ್ತು. ಆ ನಗು ಕೇಳಿದ್ಮೇಲೆ ಧೈರ್ಯ ಬರ್ಲಿಲ್ಲ."

ಮತ್ತೆ ಹಾಳೆಯತ್ತ ಬಗ್ಗಿದ. ಕೊನೆಯ ಎರಡು ಸಾಲಿನ ಬಳಿ ಅವನ ಬೆರಳು ನಿಂತಿತು. 'ಶನಿವಾರಗಳು ಈಗ ಖಾಲಿ. ನನಗೆ ಅವನಿಲ್ಲದೆ ಆಗುವುದಿಲ್ಲ.'

ಹಾಳೆಯನ್ನು ಅಲ್ಲಿಗೆ ಸರಿಯಾಗಿ ಮಡಚಿ, ಉಗುರಿನಿಂದ ತೀಡಿ, ಆ ಎರಡು ಸಾಲನ್ನು ಬಿಡಿಸಿಕೊಂಡ. ಉಳಿದದ್ದನ್ನು ಅವಳ ಕೈಗಿಟ್ಟ.

"ಇಷ್ಟು ಅಚ್ಚಾಗ್ಲಿ."

"ಆ ಎರಡು ಸಾಲು... ಚೆನ್ನಾಗಿಲ್ವಾ?"

"ಇದು ಊರಿಗಲ್ಲ. ನನಗೆ ಬರೆದದ್ದು." ಚೂರನ್ನು ಅಂಗಿಯ ಜೇಬಿಗಿಟ್ಟುಕೊಂಡ.

ಅವಳು ಕಣ್ಣೊರೆಸಿಕೊಂಡಳು. "ಬರೆದವರಿಗೆ ಉತ್ತರ ಕೊಡೋ ಅಭ್ಯಾಸ ಇಲ್ವಾ ನಿಮಗೆ?"

"ನನಗೆ ಬರೆಯೋಕೆ ಬರಲ್ಲ. ಹೇಳ್ತೀನಿ." ಅವನು ಒಂದು ಹೆಜ್ಜೆ ಹತ್ತಿರ ಬಂದ. "ನನಗೂ ನೀವಿಲ್ದೆ ಆಗಲ್ಲ."

"ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ..."

ಅವನು ಅವಳ ಎರಡೂ ಕೈ ಹಿಡಿದುಕೊಂಡ. ಈ ಸಲ ಅವಸರವಿಲ್ಲದೆ ಹೇಳಿದ.

"ನನಗೂ ನೀನಿಲ್ದೆ ಆಗಲ್ಲ ಕಣೇ."