ಹಾಸುಗಲ್ಲಿನ ಮೇಲೊಂದು ಗೆರೆ

ಶಿವರಾತ್ರಿ ಕಳೆದು ಬಿಸಿಲು ಚುರುಕಾಗತೊಡಗಿದ್ದ ಒಂದು ಭಾನುವಾರ, ಬೆಳಗಿನ ಎಂಟರ ಹೊತ್ತು. ಮಂಡಕ್ಕಿ ಸುಸಲಾದ ತಟ್ಟೆ ಹಿಡಿದು ಹೊರಗೆ ಬಂದ ರಾಧಿಕಾ ಹಾಗೇ ನಿಂತುಬಿಟ್ಟಳು.

"ಆಯಿ, ಅಕಿ ನಮ್ಮ ಕಲ್ಲು ಬಡಿಲಿಕತ್ತಾಳ ನೋಡು."

"ಬಡೀಲಿ ಬಿಡು. ಸವೀತದೇನು?" ಎಂದಳು ಒಳಗಿನಿಂದ ಅನಸುಬಾಯಿ. ಅವಳು ರಾಧಿಕಾಳ ಅಜ್ಜಿ. ಶಹಾಬಾದಿನ ಆ ಓಣಿಯ ಚಹಾ ಹೋಟೆಲು ಅವಳದೇ.

ಹೋಟೆಲಿನ ಮುಂದೆ, ಎರಡು ಗಿಡ್ಡ ಕಲ್ಲುಕಂಬಗಳ ಮೇಲೆ ಕೂಡಿಸಿದ ಉದ್ದನೆಯ ಒಂದೇ ಹಾಸುಗಲ್ಲು. ರಾಧಿಕಾಳ ಅಜ್ಜ ಲಾಲಪ್ಪ ಖಣಿಯಲ್ಲಿ ತಾನೇ ಸೀಳಿ ತಂದದ್ದು. ಅಜ್ಜ ಈಗಿಲ್ಲ, ಕಲ್ಲಿದೆ. ಆಟೋದವರು, ಶಾಲೆ ಮಕ್ಕಳು, ಎಲ್ಲರೂ ಕೂರುವುದು ಅದರ ಮೇಲೆಯೇ. ಅದಿಲ್ಲದಿದ್ದರೆ ಹೋಟೆಲೇ ಇಲ್ಲ ಅನ್ನಿ.

ಆ ಕಲ್ಲನ್ನು ಬೆರಳಿನ ಗೆಣ್ಣಿನಿಂದ ಬಡಿಯುತ್ತಿದ್ದವಳು ಬೆಳ್ಳಗಿನ ಕೂದಲಿನ ಪರದೇಶದ ಹೆಂಗಸು. ಸೊಂಟದಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ಪಕ್ಕದಲ್ಲಿ ರಾಧಿಕಾಳ ಶಾಲೆಯ ಪ್ರಮಿತಾ ಟೀಚರ್ ಇದ್ದರು.

"ಇವರ ಹೆಸರು ಬೆರಿಟ್. ನಾರ್ವೆ ದೇಶದವರು. ಉತ್ತರಕ್ಕ ಆಲ್ಟಾ ಅಂತ ಇವರ ಊರು, ಅಲ್ಲೂ ಕಲ್ಲಿನ ಕೆಲಸ ಅದಂತ. ಇವತ್ತೊಂದಿನ ನಮ್ಮೂರಿನ ಅಂಗಡಿ, ಕಲ್ಲು ಪಾಲಿಶ್ ಮಾಡೋ ಮಿಷನ್, ಜನ ಎಲ್ಲಾ ನೋಡ್ತಾರಂತ," ಎಂದರು ಟೀಚರ್.

ಅಷ್ಟರಲ್ಲಿ ಟೀಚರ ಫೋನು ಬಡಿದುಕೊಂಡಿತು. ಅವರು ಅತ್ತ ಸರಿದರು. ಬೆರಿಟ್ ಕಲ್ಲಿಗೆ ಕಿವಿಯಾನಿಸಿ ಇನ್ನೊಮ್ಮೆ ಬಡಿದಳು. ಜೇಬಿನಿಂದ ಸೀಮೆಸುಣ್ಣ ತೆಗೆದು, ಕಲ್ಲಿನ ಒಂದು ತುದಿಯಿಂದ ಸ್ವಲ್ಪ ಈಚೆಗೆ ಅಡ್ಡಗೆರೆ ಎಳೆದಳು.

ರಾಧಿಕಾ ತಟ್ಟೆಯನ್ನು ಕುಕ್ಕಿ ಕೆಳಗಿಟ್ಟಳು.

ದೀಪಾವಳಿ ಆದ ಮೇಲೆ ಹೀಗೇ ಒಬ್ಬ ಟೇಪು ಹಿಡಿದು ಬಂದಿದ್ದ. ಅವಳ ಗೆಳತಿ ಮೆಹತಾಬಳ ಅಪ್ಪನ ಸೈಕಲ್ ಅಂಗಡಿಯ ಕಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಚಹಾ ಕುಡಿದು, ನಗುನಗುತ್ತಾ ಹೋಗಿದ್ದ. ರಸ್ತೆ ಅಗಲ ಮಾಡುತ್ತಾರಂತೆ ಎಂದು ಜನ ಅಂದುಕೊಳ್ಳುವುದರೊಳಗೆ ಜೆಸಿಬಿ ಬಂದೇಬಿಟ್ಟಿತು. ಗೆರೆಯಿಂದ ರಸ್ತೆಯ ಕಡೆಗಿದ್ದ ಕಟ್ಟೆ ಉಳಿಯಲಿಲ್ಲ.

ಟೀಚರ್ ಫೋನು ಮುಗಿಸಿದ್ದೇ, "ಲೇಟಾತು, ಇನ್ನ ಭಾಳ ಕಡಿ ಹೋಗೋದದ" ಎಂದು ಬೆರಿಟಳನ್ನು ಕರೆದುಕೊಂಡು ನಡೆದರು. ಬೆರಿಟ್ ಕಲ್ಲಿನತ್ತ ಕೈ ತೋರಿಸಿ ಏನೋ ಹೇಳಲು ಹೋದಳು. ಟೀಚರ್ ಆಗಲೇ ಮುಂದಿದ್ದರು.

ರಾಧಿಕಾ ಒದ್ದೆ ಅರಿವೆ ತಂದು ಗೆರೆಯನ್ನು ತಿಕ್ಕಿ ತಿಕ್ಕಿ ಅಳಿಸಿದಳು.

"ಚಲೋ ಮಾಡ್ದಿ," ಎಂದಳು ಆಗಷ್ಟೇ ಬಂದ ಮೆಹತಾಬ್. "ಟೇಪ್ ಹಿಡದವ್ರು ಸುಮ್ಮಸುಮ್ನ ಖಾಲಿ ಪೀಲಿ ಬರಂಗಿಲ್ಲ. ನಡಿ, ಇನ್ನ ಎಲ್ಲೆಲ್ಲಿ ಗೆರಿ ಹೊಡಿತಾಳ ನೋಡಮು."

ಇಬ್ಬರೂ ಬೆನ್ನು ಹತ್ತಿದರು.

ಬೆರಿಟ್ ದಾರಿಯಲ್ಲಿ ಹಮೀದಾಬೇಗಂ ಅವರ ಬಳೆ ಅಂಗಡಿಗೆ ಹೋದಳು. ಹಮೀದಾಬೇಗಂ ಅವಳ ಕೈ ಹಿಚುಕಿ ಹಿಚುಕಿ ಹಸಿರು ಬಳೆ ಏರಿಸಿದರು. ಹುಡುಗಿಯರು ಬಾಗಿಲಲ್ಲಿ ನಿಂತದ್ದನ್ನು ಕಂಡು ಬೆರಿಟ್ ತನ್ನ ಮೊಬೈಲು ತೋರಿಸಿದಳು. ಹಿಮದ ಬೀದಿ, ಕತ್ತಲು, ಉರಿಯುವ ದೀಪಗಳು.

"ಇದು ಇವರೂರಾಗ ಮಧ್ಯಾಹ್ನದ ಫೋಟೋ," ಎಂದರು ಟೀಚರ್. "ಚಳಿಗಾಲದಾಗ ಎರಡು ತಿಂಗಳು ಸೂರ್ಯ ಮ್ಯಾಲ ಬರಂಗೇ ಇಲ್ಲಂತ."

"ಸುಳ್ಳು," ಮೆಹತಾಬ್ ಪಿಸುಗುಟ್ಟಿದಳು. "ಸೂರ್ಯಾನೇ ಬರಲಿಲ್ಲಂದ್ರ ಸಾಲಿಗಿ ಹ್ಯಾಂಗ ಹೋಗ್ತಾರ?"

"ಹೋಗಂಗೇ ಇಲ್ಲೇನೋ."

"ಹಂಗಿದ್ರ ಊರು ಚಲೋ ಅದ. ಆದ್ರ ಅಕಿ ಸುಳ್ಳಿ."

ಬುದ್ಧ ವಿಹಾರದಲ್ಲಿ ಬೆರಿಟ್ ಯಾರೂ ಹೇಳದೆಯೇ ಚಪ್ಪಲಿ ಕಳಚಿದಳು. ಎಲ್ಲರ ಹಾಗೆ ನೆಲದ ಮೇಲೆ ಕಣ್ಣು ಮುಚ್ಚಿ ಕುಳಿತಳು. ರಾಧಿಕಾಳ ಮನಸ್ಸು ಒಂದಿಷ್ಟು ಮೆತ್ತಗಾಯಿತು. ಏಳುವಾಗ ಬೆರಿಟ್ ನೆಲದ ಹಾಸುಗಲ್ಲನ್ನು ಮೆಲ್ಲಗೆ ಬಡಿದು ನೋಡಿದಳು. ಮೆತ್ತಗಾದ ಮನಸ್ಸು ಮತ್ತೆ ಕಲ್ಲಾಯಿತು.

ಕೊನೆಗೆ ಅಬ್ದುಲ್ ಗನಿಯವರ ಪಾಲಿಶ್ ಮಿಷನ್. ಮಿಷನ್ನಿನ ಗರ್ ಎನ್ನುವ ಸದ್ದು, ಬಿಳಿ ಕೆಸರು. ಅಲ್ಲಿ ಭಾಗಣ್ಣ ಎಂಬ ಹಳೆಯ ಕೆಲಸಗಾರ ಹೊಸ ಕಲ್ಲುಗಳನ್ನು ಗೋಡೆಗೆ ಒರಗಿಸುತ್ತಿದ್ದ. ಒಂದೊಂದನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಿ, ತಲೆ ಓರೆ ಮಾಡಿ ಕೇಳುತ್ತಿದ್ದ. ಠಣ್. ಠಣ್. ಒಂದು ಕಲ್ಲು ಮಾತ್ರ ದಪ್ ಎಂದಿತು.

ಗೆರೆ ಎಳೆಯಲು ಭಾಗಣ್ಣ ಕಿವಿಯ ಮೇಲಿನ ಇದ್ದಿಲು ತೆಗೆದ. ಅಷ್ಟರಲ್ಲಿ ಬೆರಿಟ್ ಮುಂದೆ ಬಂದು ಸೀಮೆಸುಣ್ಣದಿಂದ ಅದರ ಮೇಲೆ ಗೆರೆ ಎಳೆದಳು. ಭಾಗಣ್ಣ ಅವಳ ಮುಖ ನೋಡಿದ, ಗೆರೆ ನೋಡಿದ, ಇದ್ದಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡ.

"ಈಕಿ ಗೆರಿ ಬರೋಬ್ಬರಿ ಹೊಡದಾಳ. ಇದರೊಳಗ ಬಿರುಕದ," ಎಂದು ಆ ಕಲ್ಲನ್ನು ಬೇರೆ ಸರಿಸಿದ.

ರಾಧಿಕಾಳ ಅಜ್ಜನೂ ಹೀಗೇ ಮಾಡುತ್ತಿದ್ದ. ಕಿವಿಯ ಮೇಲೊಂದು ಇದ್ದಿಲು, ಬಿರುಕಿದ್ದಲ್ಲೊಂದು ಗೆರೆ. ಗೆರೆ ಇದ್ದ ಕಲ್ಲಿನ ಮೇಲೆ ಕಾಲಿಡಬ್ಯಾಡವ್ವ ಎಂದು ಅವನು ಎಷ್ಟು ಸಲ ಹೇಳಿದ್ದ.

"ಮೆಹತಾಬ್, ಗೆರಿ ಅಳಸಿ ಬಂದೀನಲ್ಲ ನಾ."

"ಏನಾತೀಗ?"

ರಾಧಿಕಾ ಆಗಲೇ ಹೋಟೆಲಿನತ್ತ ತಿರುಗಿದ್ದಳು. ಓಡಿದಳು.

ಹೋಟೆಲಿನ ಮುಂದೆ ಆಟೋ ಓಡಿಸುವ ದೇವೀಂದ್ರಪ್ಪ ಚಹಾದ ಗ್ಲಾಸು ಹಿಡಿದು ಕೂರಲು ಬಗ್ಗುತ್ತಿದ್ದ. ಓಣಿಯಲ್ಲಿ ಅವನಷ್ಟು ದಪ್ಪ ಮತ್ತೊಬ್ಬರಿಲ್ಲ.

"ಮಾಮಾ, ಅಲ್ಲಿ ಕುಂದ್ರಬ್ಯಾಡ್ರಿ."

"ಯಾಕವ್ವ, ನಾ ಕುಂತ್ರ ಕಲ್ಲು ಮುರಿತದೇನು?" ಎಂದ ದೇವೀಂದ್ರಪ್ಪ. ಸುತ್ತಲಿದ್ದವರು ನಕ್ಕರು.

ರಾಧಿಕಾ ನಗಲಿಲ್ಲ. ಗೆಣ್ಣಿನಿಂದ ಕಲ್ಲಿನ ನಡುವೆ ಬಡಿದಳು. ಠಣ್. ತುದಿಯತ್ತ ಸರಿದು ಬಡಿದಳು. ದಪ್.

ದೇವೀಂದ್ರಪ್ಪ ನಗುವುದನ್ನು ನಿಲ್ಲಿಸಿ ಎರಡು ಹೆಜ್ಜೆ ಹಿಂದೆ ಸರಿದ. ಅನಸುಬಾಯಿ ಹೊರಗೆ ಬಂದು ಕಲ್ಲಿನ ಕೆಳಗೆ ಕೈಯಾಡಿಸಿದಳು. ಬೆರಳಿಗೆ ಕೂದಲೆಳೆಯಷ್ಟು ಸೀಳು ಸಿಕ್ಕಿತು.

"ನಿಮ್ಮಜ್ಜ ಇದ್ದಿದ್ರ ಅಂವಗ ಯಾವಾಗೋ ಕೇಳಸ್ತಿತ್ತು," ಎಂದಳು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, "ಭಾಗಣ್ಣಗ ಹೇಳ್ತೀನಿ. ಕೆಟ್ಟ ತುದಿ ಕಡದು ತೆಗಿಲಿ. ಉಳದದ್ದು ಗಟ್ಟಿ ಅದ, ಜರಾ ಒತ್ತಿ ಕುಂತ್ರಾತು."

ರಾಧಿಕಾ ಒಲೆಯ ಬಳಿಯಿಂದ ಆರಿದ ಇದ್ದಿಲು ತಂದಳು. ಬೆಳಿಗ್ಗೆ ಬಿಳಿ ಗೆರೆ ಇದ್ದ ಜಾಗ ಹುಡುಕಿ, ಒತ್ತಿ ಕಪ್ಪು ಗೆರೆ ಎಳೆದಳು.

ಸಂಜೆ ಟೀಚರ ಜೊತೆ ಬೆರಿಟ್ ಮತ್ತೆ ಬಂದಳು. ಕಪ್ಪು ಗೆರೆಯನ್ನು ನೋಡಿದಳು. ರಾಧಿಕಾಳ ಕಪ್ಪಾದ ಬೆರಳುಗಳನ್ನು ನೋಡಿದಳು. ಗೆರೆಯಿಂದ ಈಚೆಗೆ ಕುಳಿತು, ಪಕ್ಕದ ಜಾಗವನ್ನು ತಟ್ಟಿದಳು. ಠಣ್.

ರಾಧಿಕಾ ಹೋಗಿ ಕುಳಿತಳು. ಮೆಹತಾಬ್ ನಿಂತೇ ಇದ್ದಳು.

"ಮೊದ್ಲ ಆ ಟೇಪ್ ತೆಗ್ದಿಡಂತ ಹೇಳ್ರಿ ಟೀಚರ್."

ಬೆರಿಟ್ ಟೇಪನ್ನು ಬಿಚ್ಚಿ ಅವಳ ಕೈಗೇ ಕೊಟ್ಟಳು. ಮೆಹತಾಬ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬೆರಿಟಳ ಮೂಗಿಗೆ ಹಿಡಿದು ಉದ್ದ ಅಳೆದಳು. ಆಮೇಲೆ ಕುಳಿತಳು.

ಸೋಮವಾರ ಬೆಳಿಗ್ಗೆ ಬೆರಿಟ್ ಹಸಿರು ಬಳೆ ತೊಟ್ಟ ಕೈ ಬೀಸುತ್ತಾ ಹತ್ತಿರದ ವಾಡಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹೋದಳು.