ಮಕ್ಕೋ ಎಂದವನು

ನನ್ನ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ. ಕಾಡುಗೋಡಿಯ ನಮ್ಮ ಮನೆ ಮುಂದೆ ಶಾಮಿಯಾನ, ಅದರ ತುಂಬ ನೆಂಟರು. ಅಷ್ಟು ಜನರ ಎದುರಿಗೆ ನಮ್ಮ ಹಿಂದಿನ ರೂಮಿನ ಬಾಡಿಗೆಯವನು ಎಲ್ಲಿಂದಲೋ ಓಡಿಬಂದು ನನ್ನನ್ನು ನೆಲಕ್ಕೆ ಕೆಡವಿ ಮೇಲೆ ಬಿದ್ದ. ಬಿದ್ದವನು ಬಾಯಾದರೂ ಮುಚ್ಚಿಕೊಂಡಿದ್ದನೇ? “ಮಕ್ಕೋ! ಮಕ್ಕೋ!” ಎಂದು ಕಿರುಚಿದ.

ಮಕ್ಕೋ ಎಂದರೆ ಮಲಗು ಎಂದು ಯಾರಿಗೆ ಗೊತ್ತಿಲ್ಲ? ರೇಷ್ಮೆ ಸೀರೆ ಉಟ್ಟ ಹುಡುಗಿಯನ್ನು ಕೆಡವಿ ಮಲಗು ಎನ್ನುವವನಿಗೆ ಆರತಿ ಎತ್ತುತ್ತಾರೆಯೇ? ದೊಡ್ಡಪ್ಪನ ಮಗ ಮುನಿಕೃಷ್ಣ ಅವನ ಕಾಲರ್ ಹಿಡಿದೆತ್ತಿ ಕೆನ್ನೆಗೆ ಬಾರಿಸಿದ. ಅವನು ಕೈ ಅಡ್ಡ ಹಿಡಿಯಲಿಲ್ಲ. “ಈ ತಿಂಗ್ಳೇ ಕೊನೆ ಕಣಯ್ಯ, ರೂಮ್ ಖಾಲಿ ಮಾಡು” ಎಂದರು ಅಪ್ಪ. ಫೋಟೋದವರ ಡ್ರೋನ್ ಮಾತ್ರ ತಲೆಯ ಮೇಲೆ ಗುಂಯ್‌ಗುಡುತ್ತ, ನಮ್ಮ ಮಾನ ಹೋಗುವುದನ್ನು ಚೆನ್ನಾಗಿ ವಿಡಿಯೋ ಮಾಡಿಕೊಂಡಿತು.

ನನಗೂ ಸಿಟ್ಟು ಬಂದಿತ್ತು. ಆದರೆ ಒಂದು ವಿಷಯ ಕೊರೆಯುತ್ತಿತ್ತು. ಅಷ್ಟು ಹತ್ತಿರವಿದ್ದರೂ ಅವನು ನನ್ನ ಮುಖ ನೋಡಿರಲಿಲ್ಲ. ಅಂಗೈಯಿಂದ ನನ್ನ ತಲೆ ಮುಚ್ಚಿ, ಆಕಾಶವನ್ನೇ ನೋಡುತ್ತ ಗಡಗಡ ನಡುಗುತ್ತಿದ್ದ.

ಮರುದಿನ ಟೆರೇಸಿನಲ್ಲಿ ಅವನು ಬಟ್ಟೆ ಒಣಹಾಕುತ್ತಿದ್ದಾಗ ನಾನೂ ಬಕೆಟ್ ಹಿಡಿದು ಹತ್ತಿದೆ. ಹೆಸರು ಸಿದ್ರಾಮ, ಕಲಬುರಗಿ ಕಡೆಯವನು, ಇಲ್ಲೇ ಒಂದು ಗೋಡೌನಿನಲ್ಲಿ ಪ್ಯಾಕಿಂಗ್ ಕೆಲಸ ಎಂಬುದಷ್ಟೇ ನನಗೆ ಗೊತ್ತಿತ್ತು.

“ಏನ್ರೀ, ಇವತ್ತು ಮಲ್ಕೋ ಅನ್ನಲ್ವಾ?”

ಅವನ ಮುಖ ಸಪ್ಪಗಾಯಿತು. “ತಪ್ಪಾಗ್ಯಾದ್ರಿ ಅಕ್ಕಾರ. ಆ ಅರ್ಥದಾಗ ಅಂದಿದ್ದಲ್ಲ.”

“ಮತ್ಯಾವ ಅರ್ಥ? ಮೊದ್ಲು ಆ ಅಕ್ಕ ಅನ್ನೋದು ಬಿಡಿ. ನನ್ನ ಹೆಸ್ರು ಕೃಪಾ.”

ಅವನು ಒದ್ದೆ ಅಂಗಿಯನ್ನು ಹಿಂಡುತ್ತಲೇ ನಿಂತ. “ಮ್ಯಾಲ ಆ ಸಪ್ಪಳ ಬಂದ್ರ ನೆಲಕ್ಕ ಮಕ್ಕೋಬೇಕ್ರಿ. ನಿಂತವ ಉಳಿಯಲ್ಲ.”

ಹೊರದೇಶದಲ್ಲಿ ಹೆಲ್ಪರ್ ಕೆಲಸ ಎಂದು ಏಜೆಂಟ್ ಒಬ್ಬ ಅವನನ್ನೂ ಗೆಳೆಯ ಮರೆಪ್ಪನನ್ನೂ ವಿಮಾನ ಹತ್ತಿಸಿದ್ದ. ಅಲ್ಲಿ ಇಳಿದ ಮೇಲೆ ಪಾಸ್‌ಪೋರ್ಟ್ ಕಿತ್ತುಕೊಂಡು, ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಿಸಿ, ಕೈಗೆ ಬಂದೂಕು ಕೊಟ್ಟರು. ಒಲ್ಲೆ ಎಂದರೆ ಜೈಲು. ಯಾರದೋ ಯುದ್ಧ, ಯಾರದೋ ನೆಲ. ಮಂಜಿನಲ್ಲಿ ತೋಡಿದ ಕಂದಕದಲ್ಲಿ ಇಬ್ಬರೂ ಒಂದೇ ಕಂಬಳಿ ಹೊದ್ದರು. ಕೊನೆಗೆ ಕಾಲಿಗೆ ಪೆಟ್ಟು ತಿಂದು ಆಸ್ಪತ್ರೆ ಸೇರಿದ್ದರಿಂದ ಸಿದ್ರಾಮ ಊರಿಗೆ ಮರಳಿದ.

“ಮರೆಪ್ಪ?”

“ಅವತ್ತ ಡ್ರೋನ್ ನಾ ಮೊದ್ಲ ನೋಡ್ದೆ. ಮಕ್ಕೋ ಅಂತ ಒದರಬೇಕಿತ್ತು. ಬಾಯೇ ಬರ್ಲಿಲ್ರಿ.” ಅಂಗಿಯಲ್ಲಿ ನೀರೇ ಉಳಿದಿರಲಿಲ್ಲ, ಆದರೂ ಹಿಂಡುತ್ತಿದ್ದ. “ನಿನ್ನಿ ಬಾಯಿ ಬಂತು.”

ನಾನು ಅವನಿಗೆ ಕಾಣದಂತೆ ಕಣ್ಣೊರೆಸಿಕೊಂಡೆ.

ಆಮೇಲೆ ನಮ್ಮ ಮನೆಯ ಬಟ್ಟೆ ದಿನಾ ಮೈಲಿಗೆಯಾಗತೊಡಗಿತು. “ಒಗ್ದಿದ್ದನ್ನೇ ಒಗೀತಿದ್ದೀಯಲ್ಲೇ!” ಎಂದು ಅಮ್ಮ ಬೈದರು. ಟೆರೇಸಿನಲ್ಲಿ ಎರಡು ಹಗ್ಗಗಳ ನಡುವೆ ಅವನ ಕಣ್ಣು ನನ್ನನ್ನು ಹುಡುಕುತ್ತಿತ್ತು, ಸಿಕ್ಕಿದ ಕೂಡಲೇ ಕ್ಲಿಪ್ಪಿನ ಮೇಲೆ ಬೀಳುತ್ತಿತ್ತು. ನಾಚಿಕೊಳ್ಳುವ ಗಂಡಸು ಎಷ್ಟು ಚೆಂದ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಪ್ರೀತಿಯ ಜೊತೆಗೆ ಭಯವೂ ಅಂಟಿಕೊಂಡಿತು. ಬೀದಿಯಲ್ಲಿ ಬೈಕ್ ಢಬ್ ಎಂದರೆ ನನ್ನೆದೆ ಹಿಂದಿನ ರೂಮಿಗೆ ಓಡುತ್ತಿತ್ತು. ತಿಂಗಳ ಕೊನೆ ಹತ್ತಿರ ಬಂದಂತೆ ಊಟ ಸೇರದಾಯಿತು.

“ನನ್ ಜೊತೆ ಇದ್ಬಿಡಿ” ಎಂದು ನಾನೇ ಬಾಯಿಬಿಟ್ಟೆ.

“ಬ್ಯಾಡ್ರಿ.” ಅವನು ತಲೆಯೆತ್ತಲಿಲ್ಲ. “ನಿದ್ದಿಗಣ್ಣಾಗ ಒದರಕೋತ ಏಳ್ತೀನಿ. ಬಾಜೂ ಇದ್ದವರನ್ನ ಹಿಡ್ದು ಕೆಡವ್ತೀನಿ. ನಿಮಗೇನರ ಆದ್ರ?”

ನಾನು ಖಾಲಿ ಬಕೆಟ್ ಎತ್ತಿಕೊಂಡು ಮೆಟ್ಟಿಲಿಳಿದೆ.

ಕೊನೆಯ ದಿನ ಬೆಳಿಗ್ಗೆ ಅವನು ಬೀಗದ ಕೈಯನ್ನು ಅಮ್ಮನಿಗೆ ಕೊಟ್ಟು ಬ್ಯಾಗ್ ಹೆಗಲಿಗೇರಿಸಿ ಹೊರಟ. ಗೇಟು ಮುಚ್ಚಿದ ಸದ್ದು ಕೇಳಿಸಿತು. ಪೇಪರ್ ಓದುತ್ತಿದ್ದ ಅಪ್ಪನ ಮುಂದೆ ಹೋಗಿ ಎಲ್ಲವನ್ನೂ, ಮರೆಪ್ಪನ ಕಥೆಯನ್ನೂ ಒಂದೇ ಉಸಿರಿಗೆ ಹೇಳಿದೆ. “ಅವತ್ತು ಅವ್ರು ನನ್ ಮೇಲೆ ಬಿದ್ದಿದ್ದು, ಮೇಲಿಂದ ಬೀಳೋದು ತಮ್ಮ ಬೆನ್ನಿಗೆ ಬೀಳ್ಲಿ ಅಂತ ಅಪ್ಪ. ನಂಗೆ ಅವ್ರೇ ಬೇಕು.” ಅಪ್ಪ ಪೇಪರ್ ಮಡಚಿದರು. ನಾನು ಕಾಯಲಿಲ್ಲ. ಚಪ್ಪಲಿ ಮೆಟ್ಟಿ ಓಡಿದೆ.

ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಹತ್ತಿರ, ಐಡಿ ಕಾರ್ಡ್ ತೂಗಿಸಿಕೊಂಡು ಇಳಿಯುವವರ ನಡುವೆ ಅವನ ತೋಳು ಹಿಡಿದೆ.

“ಕಿರುಚಿದ್ರೆ ಕಿರುಚಿ. ನಾನು ಎದ್ದು ಲೈಟ್ ಹಾಕ್ತೀನಿ.” ಏದುಸಿರಿನಲ್ಲಿ ಮಾತು ತುಂಡಾಗುತ್ತಿತ್ತು. “ಆಮೇಲೆ ಇಬ್ರೂ ಡಾಕ್ಟ್ರ ಹತ್ರ ಹೋಗೋಣ. ಅಲ್ಲೀವರ್ಗೂ ಬೇರೆ ಮಂಚದಲ್ಲಿ ಮಲಗಿ. ಆದ್ರೆ ನಮ್ಮನೇಲಿ ಮಲಗಿ.”

ಸಿದ್ರಾಮ ಏನೋ ಹೇಳಲು ಹೋದ. ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಅಪ್ಪ.

“ಸಿಕ್ಕುದ್ನಾ?”

“ಹೂಂ.”

“ಮುನಿಕೃಷ್ಣುಂಗೂ ಬರೇಳಿವ್ನಿ. ಒಡೆದಿದ್ಕೆ ತಪ್ಪಾಯ್ತು ಅನ್ಲಿ. ಮಿಕ್ಕಿದ್ದು ಮಾತಾಡಾನ. ಕರ್ಕೊಂಡ್ ಬಾ.”

ಅಪ್ಪನ ಮಾತನ್ನು ನಾನು ಹೇಳುತ್ತಲೇ ಸಿದ್ರಾಮನ ಮುಖ ಬಿಳುಚಿತು. “ಕೃಪಾ, ನನಗ ಭಾಳ ಹೆದರಿಕಿ ಆಗ್ಲಾಕತ್ತಾದ.”

“ನಂಗೂ” ಎಂದೆ.

ಅವನು ಬ್ಯಾಗನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, ನನ್ನ ಕೈಗೆ ತನ್ನ ಕೈ ಕೊಟ್ಟ.