ತೊಡೆ ತಟ್ಟಿದರೂ ಏಳದ ಕೆಂಪಾಜಿ

ಬಹಳ ಬಹಳ ಹಿಂದೆ, ಬೆಟ್ಟಗಳು ಇನ್ನೂ ಕರೆದರೆ ಓಗೊಡುತ್ತಿದ್ದ ಕಾಲದಲ್ಲಿ, ಕಲ್ಮರಡಿ ಎಂಬ ರಾಜ್ಯವಿತ್ತು. ಅಲ್ಲಿಯ ಜಟ್ಟಿಗಳ ಹೆಸರು ಕೇಳಿದರೆ ಸುತ್ತಲಿನ ರಾಜರು ಕೂತಲ್ಲೇ ಬೆವರುತ್ತಿದ್ದರು. ಅಲ್ಲಿಯ ಗರಡಿಯಲ್ಲಿ ಒಂದು ಪದ್ಧತಿ. ವಾರಕ್ಕೊಮ್ಮೆ ಅಖಾಡದ ಕೆಮ್ಮಣ್ಣನ್ನು ಅಗೆದು, ಎಣ್ಣೆ ಮಜ್ಜಿಗೆ ಬೆರೆಸಿ, ಹಾಗೇ ಬಿಡುತ್ತಿದ್ದರು. ಅವತ್ತು ಮಣ್ಣೂ ಮಲಗಬೇಕು, ಮೈಯೂ ಮಲಗಬೇಕು. ಇನ್ನೊಂದು ಪದ್ಧತಿಯೂ ಇತ್ತು. ಎದುರಾಳಿ ತೊಡೆ ತಟ್ಟಿದರೆ ಜಟ್ಟಿಯಾದವನು ಏಳಲೇಬೇಕು. ಏಳದವನ ಮುಖವನ್ನು ಹೆತ್ತ ತಾಯಿಯೂ ನೋಡುತ್ತಿರಲಿಲ್ಲ.

ಒಂದು ದಿನ ಹೊಗೆಗಣ್ಣ ಎಂಬ ಮಾಯಾವಿ ಅರಮನೆಗೆ ಬಂದ. ಅವನ ಕಣ್ಣಿನಿಂದ ಹೊಗೆ ಬರುತ್ತಿತ್ತು.

"ಮಹಾಪ್ರಭು, ನಿಮ್ಮ ಜಟ್ಟಿಗಳು ವಾರಕ್ಕೊಂದು ದಿನ ಹೆಣಗಳ ಹಾಗೆ ಬಿದ್ದಿರುತ್ತಾರೆ. ನನ್ನ ಕೈಗೆ ಕೊಡಿ, ಬೆಟ್ಟ ಕೀಳುವ ಪಡೆ ಮಾಡಿಕೊಡುತ್ತೇನೆ" ಎಂದ.

ರಾಜ ಪ್ರಚಂಡರಾಯನದು ಹಿತ್ತಾಳೆ ಕಿವಿ. ಹೆಸರಷ್ಟೇ ಪ್ರಚಂಡ, ಹುಟ್ಟಿದಾಗಿನಿಂದ ಒಂದು ಬಸ್ಕಿ ಹೊಡೆದವನಲ್ಲ. ಆಗಲಿ ಎಂದುಬಿಟ್ಟ. ಬೆನ್ನು ಬೇರೆಯವರದಾದರೆ ಆಗಲಿ ಅನ್ನುವುದಕ್ಕೆ ಏನು ಕಷ್ಟ?

ಅವತ್ತಿಗೆ ವಿಶ್ರಾಂತಿ ನಿಂತಿತು. ಹೊತ್ತು ಹುಟ್ಟಿದರೆ ದಂಡ, ಹೊತ್ತು ನೆತ್ತಿಗೇರಿದರೆ ಬಸ್ಕಿ, ಹೊತ್ತು ಇಳಿದರೆ ಗದೆ. ಬಿದ್ದವರ ಮುಂದೆ ಮಾಯಾವಿ ನಗುತ್ತ ನಿಂತು ತೊಡೆ ತಟ್ಟುತ್ತಿದ್ದ. ಪಾಪ, ಬಿದ್ದವರು ಏಳುತ್ತಿದ್ದರು. ಹಾಗೆ ಎದ್ದು ಎದ್ದು ಅವರ ಪಾದ ಮರವಾಯಿತು, ಮೊಣಕಾಲು ಮರವಾಯಿತು. ಮರವಾದವರನ್ನು ಅವನು ಗಾಡಿಗೆ ಹೇರಿಸಿ ತನ್ನ ಕೋಟೆಗೆ ಸಾಗಿಸಿದ.

ಆ ಗಾಡಿಯಲ್ಲಿ ಕೆಂಪಾಜಿಯ ತಮ್ಮ ಚಾಮಣ್ಣನೂ ಇದ್ದ. ಕೆಂಪಾಜಿ ಅದೇ ಗರಡಿಯಲ್ಲಿ ಬೆಳೆದ ಹೆಣ್ಣು, ಕೋಪವೆಂದರೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವಳು ಗಾಡಿಯ ಹಿಂದೆ ಓಡಿದಳು. ಸೊಂಟದವರೆಗೆ ಮರವಾಗಿದ್ದ ಚಾಮಣ್ಣ, "ಅಕ್ಕಾ, ಇನ್ನೊಂದೇ ಒಂದು ಬಸ್ಕಿ, ಮುಗಿಸಿ ಬತ್ತೀನಿ" ಎಂದು ಬಡಬಡಿಸುತ್ತಿದ್ದ.

ಅವಳು ನೇರ ಅರಮನೆಗೆ ನುಗ್ಗಿದಳು. ರಾಜ ತಾಂಬೂಲ ಜಗಿಯುತ್ತಿದ್ದ. "ಕೈಲಾಗದವರು ಮರವಾದರೆ ನಾವೇನು ಮಾಡೋಣ?" ಎಂದ. ಕೆಂಪಾಜಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು.

ಗರಡಿಯ ವಸ್ತಾದ್ ಭರಮಣ್ಣ ಅವಳನ್ನು ದಾರಿಯಲ್ಲೇ ತಡೆದ. ಅವಳಿಗೆ ಪಟ್ಟು ಕಲಿಸಿದ ಮುದುಕ ಅವನೇ.

"ಮರ ಎದೆಗೆ ಏರೋ ಹೊತ್ತಿಗೆ ಅಮಾವಾಸ್ಯೆ ಆಯ್ತದೆ ಕಣವ್ವಾ. ಅಲ್ಲೀವರೆಗೆ ನಿನ್ನ ತಮ್ಮ ಬದುಕಿರ್ತಾನೆ. ಮೊದಲು ನೀನು ಮೈ ಹದ ಮಾಡ್ಕೊ."

"ಹದ ನೋಡ್ತಾ ಕೂತ್ರೆ ನನ್ನ ತಮ್ಮ ಸೌದೆ ಆಯ್ತಾನೆ, ಬಿಡು ದಾರಿ!"

ಹೊರಟೇಬಿಟ್ಟಳು. ಕೋಟೆಯ ಮೊದಲ ಬಾಗಿಲಲ್ಲಿ ಕಬ್ಬಿಣದ ಹೋರಿ ನಿಂತಿತ್ತು. ಗೊರಸಿನಿಂದ ನೆಲ ತಟ್ಟಿ ಕರೆಯಿತು. ಕೆಂಪಾಜಿ ಕೊಂಬು ಹಿಡಿದಳು. ಹೊತ್ತೇರುವವರೆಗೂ ಹೋರಿ ಅವಳನ್ನು ದೂಡಿತು, ಹೊತ್ತಿಳಿಯುವವರೆಗೂ ಅವಳು ಹೋರಿಯನ್ನು ದೂಡಿದಳು. ಕೊನೆಗೆ ಕತ್ತು ತಿರುಚಿ ಕೆಡವಿದಳು. ಹೋರಿ ಎದ್ದು, ತಲೆ ಬಾಗಿಸಿ ದಾರಿ ಬಿಟ್ಟಿತು.

ಅವಳ ಮೈಯಲ್ಲಿ ಕಸುವು ಉಳಿದಿರಲಿಲ್ಲ. ಪಕ್ಕದಲ್ಲೇ ಬಾವಿ, ಬಾವಿಯ ಮೇಲೆ ನೆರಳು. ಕೂರಬೇಕಿತ್ತು. ಆದರೆ ಎರಡನೆಯ ಬಾಗಿಲಲ್ಲಿ ಹೆಬ್ಬಾವೊಂದು ಬಾಲದಿಂದ ನೆಲಕ್ಕೆ ಬಡಿಯಿತು. ಜಟ್ಟಿಯ ರಕ್ತ ಕೇಳೀತೇ? "ಬಾರಲೇ!" ಎಂದು ನುಗ್ಗಿದಳು. ಹಾವು ಸುತ್ತಿಕೊಂಡಿತು. ಅವಳು ಕೊಸರಿದಷ್ಟೂ ಬಿಗಿಯಿತು, ಬಿಗಿದಷ್ಟೂ ಅವಳು ಕೊಸರಿದಳು. ಹಾವಿನ ಕುತ್ತಿಗೆ ಹಿಡಿದ ಬಲಗೈ ಬೆರಳಿನಿಂದ ಮೊಣಕೈವರೆಗೆ ಮರವಾಯಿತು. ಹಾವು ಅವಳನ್ನು ಎತ್ತಿ ಕೋಟೆಯ ಆಚೆಗೆ ಬಿಸಾಡಿತು.

ಗರಡಿಗೆ ಮರಳಿದವಳಿಗೆ ಭರಮಣ್ಣ ಒಂದು ಬೈಗುಳವನ್ನೂ ಆಡಲಿಲ್ಲ. ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. ಎಳ್ಳೆಣ್ಣೆ ಕಾಯಿಸಿ ತಂದು ಮರದ ಕೈ ತಿಕ್ಕತೊಡಗಿದ.

"ಮುಷ್ಟಿ ಬಿಡವ್ವಾ."

"ಮರ ಆಗ್ಬುಟ್ಟದೆ! ಹೆಂಗೆ ಬಿಡ್ಲಿ?"

"ಮರ ಆಗಿರೋದು ನೀನು ಬಿಡದೆ ಇರೋದ್ರಿಂದ. ಹಾವು ಬಿಟ್ಟು ಎಷ್ಟೊತ್ತಾಯ್ತು? ನೀನಿನ್ನೂ ಅದರ ಕುತ್ತಿಗೆ ಹಿಡ್ಕೊಂಡೇ ಇದೀಯ."

ಅವಳು ಹಲ್ಲು ಕಡಿದಳು, ಬೈದಳು, ಬೈದು ಬೈದು ಸಾಕಾಗಿ ಅತ್ತಳು. ಅಳುತ್ತ ನಿದ್ದೆ ಹೋದಳು. ಎದ್ದಾಗ ಕಿರುಬೆರಳು ಮೆತ್ತಗಾಗಿತ್ತು.

ಆಮೇಲೆ ಭರಮಣ್ಣ ಹೇಳಿದ ಹಾಗೆ ಕೇಳಿದಳು. ಒಂದು ದಿನ ಮೈಮುರಿದು ಗದೆ ಬೀಸುವುದು. ಮರುದಿನ ಕೆರೆಯಲ್ಲಿ ಸೊಂಟಮಟ್ಟ ನೀರಿನಲ್ಲಿ ಮೆಲ್ಲಗೆ ನಡೆಯುವುದು. ಅದರ ಮರುದಿನ ಎಣ್ಣೆ, ಬಿಸಿನೀರು, ನಿದ್ದೆ. ಕೆರೆಯಲ್ಲಿ ನಡೆಯುವಾಗಲಂತೂ ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಚಂದ್ರ ಸವೆಯುತ್ತಿದ್ದಾನೆ, ತಾನು ಎಮ್ಮೆಯ ಹಾಗೆ ನೀರಿನಲ್ಲಿ ನಿಂತಿದ್ದೇನೆ! ಆದರೂ ನಡೆದಳು. ಸಿಟ್ಟು ಕರಗಲಿಲ್ಲ, ಕೈ ಮಾತ್ರ ಕೈಯಾಯಿತು.

ಅಮಾವಾಸ್ಯೆಯ ಬೆಳಿಗ್ಗೆ ಮತ್ತೆ ಕೋಟೆಗೆ ಹೋದಳು. ಹೋರಿ ದಾರಿ ಬಿಟ್ಟಿತು. ಹೆಬ್ಬಾವು ಸುತ್ತಿಕೊಂಡಿತು. ಕೆಂಪಾಜಿ ಮೈ ಸಡಿಲ ಬಿಟ್ಟು, ಉಸಿರು ನಿಧಾನ ಮಾಡಿ, ಕಣ್ಣು ಮುಚ್ಚಿದಳು. ಬಿಗಿಯುವುದಕ್ಕೆ ಏನೂ ಸಿಗದೆ ಹಾವು ಬೇಸರಪಟ್ಟು ತಾನೇ ಬಿಚ್ಚಿಕೊಂಡು ಹೋಯಿತು.

ಮೂರನೆಯ ಬಾಗಿಲಾಚೆ ಅಂಗಳ. ಸುತ್ತಲೂ ಮರದ ಜಟ್ಟಿಗಳು, ಎಲ್ಲರ ಮುಷ್ಟಿಯೂ ಬಿಗಿದಿತ್ತು. ಚಾಮಣ್ಣನಿಗೆ ಮರ ಎದೆಯ ಅಂಚಿಗೆ ಏರಿತ್ತು. ನಡುವೆ ಹೊಗೆಗಣ್ಣ ನಿಂತು ತೊಡೆ ತಟ್ಟಿದ. ಕೋಟೆ ಅದುರಿತು.

"ಬಾರೇ! ನೂರು ವರ್ಷದಿಂದ ನಾನು ಒಂದು ಗಳಿಗೆ ಕೂತವನಲ್ಲ. ಇವರ ಬಲವೆಲ್ಲ ನನ್ನದು."

ಅವಳ ತೊಡೆಯ ನರ ಪಟಪಟ ಹೊಡೆದುಕೊಂಡಿತು. ನುಗ್ಗಿ ಅವನ ಹಲ್ಲು ಉದುರಿಸಬೇಕೆನ್ನಿಸಿತು. ಆಗ ಆ ಮುಷ್ಟಿಗಳು ಕಣ್ಣಿಗೆ ಬಿದ್ದವು. ಕೆಂಪಾಜಿ ಸೆರಗು ಸಿಕ್ಕಿಸಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

ಅವನು ಮತ್ತೆ ತಟ್ಟಿದ. ಅವಳು ಏಳಲಿಲ್ಲ. ಮೂರನೆಯ ಸಲ ತಟ್ಟಿದ. ಅವಮಾನದಿಂದ ಅವಳ ಕಣ್ಣಲ್ಲಿ ನೀರು ಬಂತು, ಆದರೂ ಏಳಲಿಲ್ಲ. ಕೂತಲ್ಲಿಂದಲೇ ಕಿರುಚಿದಳು.

"ಲೋ ಚಾಮಾ! ಲೋ ಅಣ್ಣಗಳಿರಾ! ಇವನ ಹತ್ರ ಬಲ ಎಲ್ಲಿದೆಯೋ? ನೀವು ಒಳಗೊಳಗೇ ಬಸ್ಕಿ ಹೊಡೀತಾ ಇದೀರಿ, ಇವನು ಉಣ್ತಾ ಇದಾನೆ! ಬಿಡ್ರೋ ಮುಷ್ಟಿ! ನನ್ನ ನೋಡ್ರೋ, ನಾನು ಕೂತಿದೀನಿ! ಕೂತ್ರೆ ಯಾರೂ ಸಾಯಲ್ಲ ಕಣ್ರೋ!"

ಮೊದಲು ಚಾಮಣ್ಣನ ಬೆರಳು ಬಿಚ್ಚಿತು. ಆಮೇಲೆ ಪಕ್ಕದವನದು, ಅವನ ಪಕ್ಕದವನದು. ಅಂಗಳದ ತುಂಬ ದೊಡ್ಡದೊಂದು ನಿಟ್ಟುಸಿರು ಹರಿಯಿತು. ಹೊಗೆಗಣ್ಣ ತೊಡೆ ತಟ್ಟಲು ಕೈ ಎತ್ತಿದ, ಎತ್ತಿದ ಕೈ ಇಳಿಯಲಿಲ್ಲ. ನೂರು ವರ್ಷ ಅವನು ಬಾಗಿಲಾಚೆ ನಿಲ್ಲಿಸಿದ್ದ ದಣಿವು ಒಂದೇ ಸಲ ಒಳಗೆ ನುಗ್ಗಿತು. ನಿಂತಲ್ಲೇ ಕೊರಡಾಗಿ, ಕೊರಡು ಒಣಗಿ, ಗೆದ್ದಲು ತಿಂದ ಮರದ ಹಾಗೆ ಪುಡಿಪುಡಿಯಾಗಿ ಉದುರಿದ.

ಮರವೆಲ್ಲ ಮಾಂಸವಾಯಿತು. ಜಟ್ಟಿಗಳು ಇದ್ದಲ್ಲೇ ಒರಗಿದರು. ಕಣ್ಣು ಬಿಟ್ಟವನೇ ಚಾಮಣ್ಣ ಏಳಲು ನೋಡಿದ. "ಅಕ್ಕಾ, ಗರಡಿಗೆ ಹೊತ್ತಾಯ್ತು..."

"ಮಲಗೋ ಮುಂಡೇದೆ! ಎದ್ದರೆ ಕಾಲು ಮುರೀತೀನಿ!" ಎಂದು ಕೆಂಪಾಜಿ ಅವನ ಎದೆಯ ಮೇಲೆ ಕೈ ಒತ್ತಿದಳು. ಆ ಎದೆ ಬೆಚ್ಚಗಿತ್ತು.

ಸುದ್ದಿ ತಿಳಿದು ರಾಜ ಹಾರ ಹಿಡಿದು ಪಲ್ಲಕ್ಕಿ ಏರಿ ಬಂದ. ಕೆಂಪಾಜಿ ಹಾರ ಮುಟ್ಟಲಿಲ್ಲ. "ಇಳೀರಿ ಕೆಳಗೆ" ಎಂದಳು. ರಾಜ ಇಳಿದ. ನಡೆಯಲಾರದ ಜಟ್ಟಿಗಳನ್ನು ಪಲ್ಲಕ್ಕಿಯಲ್ಲಿ ಮಲಗಿಸಿದಳು. ಪಲ್ಲಕ್ಕಿಯ ಬೊಂಬಿನ ಒಂದು ತುದಿಯನ್ನು ರಾಜನ ಹೆಗಲಿಗೇ ಕೊಟ್ಟಳು. ಪ್ರಚಂಡರಾಯ ಏದುಸಿರು ಬಿಡುತ್ತ, ಮೊದಲ ಸಲ ಬೆವರುತ್ತ ಹೊತ್ತ. ಅರ್ಧ ದಾರಿಗೆ ಅವನ ಮೊಣಕಾಲು ಅದುರತೊಡಗಿತು.

"ಅವ್ವಾ, ಒಂದು ಗಳಿಗೆ ಕೂತ್ಕೊಳ್ಳಲಾ?" ಎಂದು ಕೇಳಿದ.

ಕೆಂಪಾಜಿ ಅವನನ್ನು ದಿಟ್ಟಿಸಿ ನೋಡಿದಳು. ಬೈಯಲು ಬಾಯಿ ತೆರೆದಳು. ಬೊಂಬಿಗೆ ತನ್ನ ಹೆಗಲು ಕೊಟ್ಟು, "ಕೂತ್ಕೊಳ್ಳಿ" ಎಂದಳು.

ಅಂದಿನಿಂದ ಕಲ್ಮರಡಿಯವರು ಮೈಮುರಿದು ದುಡಿದರು, ಮನಸಾರೆ ಮಲಗಿದರು, ನೂರ್ಕಾಲ ಸುಖವಾಗಿ ಬಾಳಿದರು.